ಕೈಬಿಡದ ಸಂಪರ್ಕಗಳು

ನಾಟಕ, ಸಂಗೀತ ಕಛೇರಿಗಳ ಟಿಕೆಟ್ ಮಾರುವ ಜಾಲತಾಣವೊಂದರ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಬೆಳಿಗ್ಗೆ 10ಕ್ಕೆ ಬುಕಿಂಗ್ ತೆರೆದರೆ ಎರಡೇ ನಿಮಿಷದಲ್ಲಿ ನಮ್ಮ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್ ಬಾಗಿಲು ಹಾಕಿಕೊಳ್ಳುತ್ತಿತ್ತು: ‘ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್‌ರೆಡಿ’. ಸಂಪರ್ಕಗಳೆಲ್ಲ ತುಂಬಿಹೋಗಿವೆ ಎಂದರ್ಥ. ಆ ಹೊತ್ತಿನಲ್ಲಿ ಆ ‘ಸಾರಿ’ ಮೈ ಉರಿಸುತ್ತದೆ.

ಲೆಕ್ಕ ಹಾಕಿದ್ದರೆ ಮೊದಲೇ ತಿಳಿಯುತ್ತಿತ್ತು. ನಾಲ್ಕು ಸರ್ವರ್, ಒಂದೊಂದರಲ್ಲೂ ಬಂದ ಕೋರಿಕೆ ನಿಭಾಯಿಸುವ 8 ವರ್ಕರ್, ವರ್ಕರ್‌ಗೆ 4 ಥ್ರೆಡ್, ಥ್ರೆಡ್‌ಗೊಂದು ಸಂಪರ್ಕದಂತೆ ಒಟ್ಟು 128. ನಾವಾಗಿ ಬದಲಿಸದಿದ್ದರೆ ಪೋಸ್ಟ್‌ಗ್ರೆಸ್ ಕೊಡುವುದು 100 ಸಂಪರ್ಕ, ಅದರಲ್ಲೂ 3 ಸಂಪರ್ಕ ಸೂಪರ್‌ಯೂಸರ್‌ಗೆ, ಅಂದರೆ ಡೇಟಾಬೇಸ್ ಆಡಳಿತಗಾರನಿಗೆ, ಮೀಸಲು. ನಾನು ಮಿತಿಯನ್ನು 500ಕ್ಕೆ ಏರಿಸಿದೆ, ಸಾಲದೆಂದು ವರ್ಕರ್‌ಗಳನ್ನೂ ದುಪ್ಪಟ್ಟು ಮಾಡಿದೆ. ದೂರು ನಿಂತಿತು, ಜಾಲತಾಣ ಮಾತ್ರ ಇನ್ನಷ್ಟು ತೆವಳಿತು. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಪ್ರೊಸೆಸ್. ನಾಲ್ಕು ಕೋರ್‌ಗಳ ಯಂತ್ರದ ಮೇಲೆ ಇನ್ನೂರಕ್ಕೂ ಹೆಚ್ಚು ಪ್ರೊಸೆಸ್‌ಗಳು ಕುಳಿತಿದ್ದವು.

ಕೊನೆಗೆ ಬುಕಿಂಗ್ ನಡೆಯುತ್ತಿದ್ದಾಗಲೇ, ಯಾವ ಸಂಪರ್ಕ ಏನು ಮಾಡುತ್ತಿದೆ ಎಂದು ತೋರಿಸುವ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ ತೆರೆದು ನೋಡಿದೆ. ಬಹುಪಾಲು ಸಾಲುಗಳಲ್ಲಿ ‘ಐಡಲ್ ಇನ್ ಟ್ರಾನ್ಸಾಕ್ಷನ್’. ಅಂದರೆ ಟ್ರಾನ್ಸಾಕ್ಷನ್ (ಒಟ್ಟಿಗೇ ಮುಗಿಯಬೇಕಾದ ಕೆಲಸಗಳ ಗುಂಪು) ತೆರೆದಿಟ್ಟು ಏನೂ ಮಾಡದೆ ಕುಳಿತವು. ಅವೆಲ್ಲವೂ ಕೊನೆಯದಾಗಿ ನಡೆಸಿದ್ದು ಆಸನ ಕಾಯ್ದಿರಿಸುವ ಅಪ್‌ಡೇಟ್. ಕೋಡ್‌ನಲ್ಲಿ ಅದರ ಮುಂದಿನ ಸಾಲೇ ಎಸ್ಸೆಮ್ಮೆಸ್ ಸೇವೆಗೆ ಕರೆ. ಅತ್ತಲಿಂದ ಉತ್ತರ ಬರುವ ಎರಡು ಮೂರು ಸೆಕೆಂಡ್ ಡೇಟಾಬೇಸ್ ಸಂಪರ್ಕವನ್ನೂ ಆಸನದ ಮೇಲಿನ ಬೀಗವನ್ನೂ ಹಿಡಿದುಕೊಂಡೇ ಇರುತ್ತಿದ್ದೆವು. ಆ ಸಾಲನ್ನು ಬರೆದವನು ನಾನೇ.

ಎಸ್ಸೆಮ್ಮೆಸ್ ಕೆಲಸವನ್ನು ಕಮಿಟ್ ಆಗಿ ಬದಲಾವಣೆ ಖಾಯಂ ಆದ ಮೇಲೆ ಕ್ಯೂಗೆ ಹಾಕಿದೆ. ಟ್ರಾನ್ಸಾಕ್ಷನ್ 10 ಸೆಕೆಂಡ್ ಸುಮ್ಮನೆ ಕುಳಿತರೆ ಪೋಸ್ಟ್‌ಗ್ರೆಸ್ಸೇ ಸಂಪರ್ಕ ಕಡಿಯುವಂತೆ ಮಾಡಿದೆ. ಆಮೇಲೆ ನಡುವೆ, ಕೆಲವೇ ಸಂಪರ್ಕಗಳನ್ನು ಎಲ್ಲರಿಗೂ ಹಂಚುವ ಪಿಜಿಬೌನ್ಸರ್ ಕೂರಿಸಿ ಟ್ರಾನ್ಸಾಕ್ಷನ್ ಮೋಡ್‌ಗೆ ಹಾಕಿದೆ: ಆ್ಯಪ್‌ಗಳು 6432ನೇ ಪೋರ್ಟ್‌ಗೆ ಬರುತ್ತವೆ, ಕಮಿಟ್ ಆದೊಡನೆ ಒಬ್ಬರ ಸಂಪರ್ಕ ಮತ್ತೊಬ್ಬರಿಗೆ. ಡೇಟಾಬೇಸ್‌ಗೆ ಹೋಗುವ ಅಸಲಿ ಸಂಪರ್ಕಗಳನ್ನು 10ಕ್ಕೆ ಇಳಿಸಿದಾಗ ಸಹೋದ್ಯೋಗಿ ನಂಬಲೇ ಇಲ್ಲ. ಕೋರ್‌ಗಳ ಎರಡರಷ್ಟು, ಜೊತೆಗೆ ಡಿಸ್ಕ್‌ಗೆ ಒಂದು ಎಂಬ ಹಳೆಯ ಅಂದಾಜಿನಿಂದ ಬಂದ 9ನ್ನು ದುಂಡಾಗಿಸಿದ ಸಂಖ್ಯೆ ಅದು. ವರ್ಕರ್‌ಗಳನ್ನೂ ಮೊದಲಿನಷ್ಟಕ್ಕೇ ತಂದೆ.

ಮರುದಿನ ಮಾರಾಟದ ವರದಿ ಮುರಿದುಬಿತ್ತು. ನಮ್ಮ ವೆಬ್ ಚೌಕಟ್ಟಾದ ಜ್ಯಾಂಗೋ ಬಳಸುವ ಸರ್ವರ್ ಬದಿಯ ಕರ್ಸರ್ (ಫಲಿತಾಂಶವನ್ನು ಕಂತುಕಂತಾಗಿ ತರಲು ಡೇಟಾಬೇಸ್‌ನಲ್ಲಿ ಇಡುವ ಗುರುತು) ಈ ಮೋಡ್‌ನಲ್ಲಿ ನಿಲ್ಲುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಬೇಕಾಯಿತು. ಸೆಷನ್‌ಗೆಂದು ಮಾಡಿದ ‘ಸೆಟ್’ ಆಜ್ಞೆಗಳನ್ನೂ ಹುಡುಕಿ ತೆಗೆದೆ, ಇಲ್ಲದಿದ್ದರೆ ಅವು ಬೇರೆಯವರ ಪಾಲಾಗುತ್ತವೆ.

ಈಗ ಬುಕಿಂಗ್ ದಿನ ನಾನು ನೋಡುವುದು ಪಿಜಿಬೌನ್ಸರ್‌ನ ‘ಶೋ ಪೂಲ್ಸ್’‌ನ ಸಿಎಲ್_ವೇಟಿಂಗ್ (ಸಂಪರ್ಕಕ್ಕೆ ಕಾಯುತ್ತಿರುವವರ ಸಂಖ್ಯೆ) ಕಾಲಂ ಒಂದನ್ನೇ. ಕಳೆದ ಬಾರಿ ಅದು 7ಕ್ಕೆ ಏರಿ, ನಾನು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಸೊನ್ನೆಗೆ ಇಳಿದಿತ್ತು.