ಟೊಲೆಡೊಗೆ ಗುಂಪಾಗಿ ಹೊರಟವರಿಗೆ

ಮ್ಯಾಡ್ರಿಡ್‌ನಲ್ಲಿ ಓದುವ ಗೆಳೆಯರೆಲ್ಲ ಸೇರಿ ಒಂದು ದಿನದ ಪ್ರವಾಸ ಹೊರಟಿದ್ದೀರಾ? ಹತ್ತಿರದ ಹಳೆಯ ಊರುಗಳಾದ ಟೊಲೆಡೊ, ಸೆಗೋವಿಯಾ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಗುಂಪು ಅಂದ್ಮೇಲೆ ಪ್ರತಿ ತಿರುವಿನಲ್ಲೂ ಯಾರಿಗಾದರೂ ಕಾಯುವುದು ಇದ್ದೇ ಇರುತ್ತದೆ, ಅಲ್ವಾ?

ಮೊದಲ ಸಲವಾದರೆ ಟೊಲೆಡೊ ಆರಿಸಿ. ಮ್ಯಾಡ್ರಿಡ್‌ನ ಅಟೋಚಾ ನಿಲ್ದಾಣದಿಂದ ವೇಗದ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ವಾಪಸ್ ಬರುವ ಟಿಕೆಟ್ಟನ್ನೂ ಮೊದಲೇ ತೆಗೆದಿಡಿ. ಬ್ಯಾಗ್ ತಪಾಸಣೆ ಇರುತ್ತದೆ, ಸ್ವಲ್ಪ ಬೇಗ ಹೋಗಿ. ಇಳಿದ ಮೇಲೆ ಬಸ್ ಹತ್ತದೆ ಅಲ್ಕಾಂತರಾ ಸೇತುವೆ ದಾಟಿ ನಡೆಯಿರಿ. ಕೆಳಗೆ ತಾಹೋ ನದಿ, ಎದುರಿಗೆ ಗುಡ್ಡದ ಮೇಲಿನ ಊರು. ಆ ನೋಟ ಬಸ್ಸಿನ ಕಿಟಕಿಯಲ್ಲಿ ಸಿಗುವುದಿಲ್ಲ. ಏರು ಜಾಸ್ತಿ, ಕಲ್ಲುಹಾಸಿನ ಬೀದಿ. ಒಳ್ಳೆ ಶೂ ಬೇಕೇ ಬೇಕು.

1226ರಲ್ಲಿ ಕಟ್ಟಲು ಶುರುವಾದ ಕೆಥೆಡ್ರಲ್ ಬೆಳಿಗ್ಗೆಯೇ ನೋಡಿಬಿಡಿ. ಆಮೇಲೆ ಹಳೆಯ ಯಹೂದಿ ಕೇರಿ. ಅಲ್ಲಿನ ಸಾಂತಾ ಮರಿಯಾ ಲಾ ಬ್ಲಾಂಕಾ ಯಹೂದಿಗಳ ಪ್ರಾರ್ಥನಾ ಮಂದಿರವಾಗಿತ್ತು, ಮುಂದೆ ಚರ್ಚ್ ಆಯಿತು. ಒಳಗಿನ ಬಿಳಿ ಕಮಾನುಗಳು ಮಸೀದಿಯ ಕಮಾನುಗಳಂತೆಯೇ ಇವೆ. ನನಗಂತೂ ಕೆಥೆಡ್ರಲ್‌ಗಿಂತ ಇದೇ ಹೆಚ್ಚು ಇಷ್ಟ. ಇಲ್ಲಿ ಅವಸರ ಮಾಡಬೇಡಿ. ಹತ್ತಿರದ ಸಾಂತೋ ತೊಮೆ ಚರ್ಚಿನಲ್ಲಿ ಎಲ್ ಗ್ರೆಕೋ ಬರೆದ ದೊಡ್ಡ ಚಿತ್ರವಿದೆ.

ಹೊರಡುವಾಗಲೇ ಹೇಳಿಡಿ: ಗುಂಪು ತಪ್ಪಿದವರು ಗಲ್ಲಿಗಳಲ್ಲಿ ಸುಮ್ನೆ ಸುತ್ತದೆ ಊರಿನ ಮುಖ್ಯ ಚೌಕವಾದ ಸೊಕೊದೋವೆರ್‌ಗೆ ಬಂದು ನಿಲ್ಲಬೇಕು.