ಇಂಡಿ ಬಿಸಿಲಿನ್ಯಾಗ ಕೂಸಿಗೆ ಆರು ತಿಂಗಳು ನೀರು ಹಾಕ್ಲಿಲ್ಲ, ನನ್ನ ಅನುಭವ

ನನ್ನ ಮಗಳು ಹುಟ್ಟಿದ್ದು ಏಪ್ರಿಲ್‌ನ್ಯಾಗ. ತವರಮನಿ ಇಂಡಿ ತಾಲೂಕು, ಅಲ್ಲಿ ಬ್ಯಾಸಗಿ ಅಂದ್ರ ಗೊತ್ತಲ್ರಿ, ಮಧ್ಯಾಹ್ನ 42 ಡಿಗ್ರಿ, ಅದ್ರಾಗ ಕರೆಂಟ್ ಹೋದ್ರ ಫ್ಯಾನೂ ಇಲ್ಲ, ಪತ್ರಾಸಿನ ಮನಿ. ಕೂಸು ಅತ್ತಾಗೊಮ್ಮೆ ನಮ್ಮ ಆಯಿ "ಅದರ ಗಂಟಲಾ ಒಣಗೇತಿ, ಕಾಸಿ ಆರಿಸಿದ ನೀರು ಒಂದ್ ಚಮಚಾ ಹಾಕವಾ" ಅಂತಿದ್ಳು. ಆಕಿ ಅನ್ನೂದು ಸಂಕಟಕ್ಕ, ನನಗೂ ಒಮ್ಮೊಮ್ಮೆ ಹೌದೇನೋ ಅನಿಸ್ತಿತ್ತು.

ಆದ್ರ ದವಾಖಾನಿ ಸಿಸ್ಟರ್ ಮನಿಗೆ ಕಳಸೂ ಮುಂದ ಬಿಡಿಸಿ ಹೇಳಿದ್ರು. ಎದಿ ಹಾಲಿನ್ಯಾಗ 100ಕ್ಕ ಸುಮಾರು 88 ಪಾಲು ನೀರೇ ಇರ್ತೈತಿ, ಬಿಸಿಲಿದ್ರೂ ಕೂಸಿಗೆ ಅದೇ ಸಾಕು. ಸಣ್ಣ ಹೊಟ್ಟಿ ನೀರಿನಿಂದ ತುಂಬಿದ್ರ ಕೂಸು ಹಾಲು ಕಡಿಮಿ ಚೀಪತೈತಿ, ಚೀಪೂದು ಕಡಿಮಿ ಆದ್ರ ನಮಗ ಹಾಲು ಬರೂದೂ ಕಡಿಮಿ ಆಗ್ತೈತಿ, ಮ್ಯಾಲೆ ನೀರಿನಿಂದ ಭೇದಿ ಹತ್ತೂ ಅಂಜಿಕಿ ಬ್ಯಾರೆ. ಜೇನತುಪ್ಪನೂ ಒಂದು ವರ್ಷದ ತನಕ ಬ್ಯಾಡಂದ್ರು, ಅದಕ್ಕ ನಾಲಿಗಿಗೆ ಜೇನ ಹಚ್ಚೂ ಶಾಸ್ತ್ರಾನೂ ಬಿಟ್ವಿ.

ನಾ ಮಾಡಿದ್ದಿಷ್ಟು. ಬಿಸಿಲು ಏರಿದಾಗ ಗಡಿಯಾರ ನೋಡ್ಲಿಲ್ಲ, ಕೂಸು ಬಾಯಿ ಆಡಿಸಿದ್ರ, ಕೈ ಚೀಪಿದ್ರ ಎದಿಗೆ ಹಚ್ಚೂದೇ, ಅಳೂತನಕ ಕಾಯ್ಲಿಲ್ಲ, ದಿನಕ್ಕ 12-13 ಸಲ ಆಗ್ತಿತ್ತು, ರಾತ್ರಿನೂ ತಪ್ಪಿಸ್ಲಿಲ್ಲ. ನೀರು ಬೇಕಾಗಿದ್ದು ನನಗ! ಬಾಣಂತಿ ಭಾಳ ನೀರು ಕುಡದ್ರ ಹೊಟ್ಟಿ ಬರ್ತೈತಿ ಅಂತ ನಮ್ಮ ಕಡೆ ಹಿಡಿತಾರಲ್ಲ, ಅದನ್ನ ನಾ ಕೇಳ್ಲಿಲ್ಲ, ಹಾಲು ಕುಡಸಾಕ ಕುಂತಾಗೆಲ್ಲ ಬಾಜೂಕ ತಂಬಿಗಿ ಇರ್ತಿತ್ತು. ಹೊರಸಿನ ಕೆಳಗ ಕೆಂಡ ಇಡೂದನ್ನೂ ಬಿಡಿಸಿದ್ಯಾ, ಅಷ್ಟು ಸೆಖಿಯೊಳಗ ಕೂಸಿಗೆ ಕುಲಾಯಿ, ದಪ್ಪ ದುಪ್ಪಟಿ ಯಾಕ್ ಬೇಕ್ರಿ, ತೆಳ್ಳನ ಕಾಟನ್ ಅಂಗಿ ಸಾಕಾತು.

ಮೊದಲ್ನೇ ವಾರ ತೊಟ್ಟು ಒಡದು ಕಣ್ಣಾಗ ನೀರು ಬರ್ತಿತ್ತು. ಕೂಸು ಬರೀ ತೊಟ್ಟು ಹಿಡಿತಿತ್ತು, ತಪ್ಪು ಅಲ್ಲೇ. ಬಾಯಿ ದೊಡ್ಡದಾಗಿ ತಗದ ಮ್ಯಾಲೆ, ಸುತ್ತಲಿನ ಕಪ್ಪು ಭಾಗನೂ ಬಾಯಾಗ ಹೋಗೂ ಹಂಗ, ಗದ್ದ ಎದಿಗೆ ಹತ್ತೂ ಹಂಗ ಹಿಡಕೊಳ್ಳಾಕ ಕಲ್ತೆ, ಮೂರ್ನಾಕು ದಿನದಾಗ ನೋವು ಇಳೀತು.

ಆಯಿ ನಂಬಿದ್ದು ನನ್ನ ಮಾತಿಗಲ್ಲ, ಕ್ಯಾಲೆಂಡರ್‌ಗೆ. ಕೂಸು ಉಚ್ಚಿ ಹೊಯ್ದಾಗೊಮ್ಮೆ ಪೆನ್ಸಿಲ್‌ಲೆ ಒಂದ್ ಗೆರಿ ಹೊಡೀತಿದ್ಯಾ. ಐದ್ ದಿನದ ಮ್ಯಾಲೆ ದಿನಕ್ಕ ಆರರ ಆಗಬೇಕು, ನಮ್ಮದು ಏಳು ಎಂಟು ಆಗ್ತಿತ್ತು, ಬಣ್ಣನೂ ತಿಳಿ. ಹಳದಿ ಗಾಢ ಆದ್ರ ಇಲ್ಲಾ ಕೂಸು ಸುಸ್ತಾಗಿ ಹಾಲ ಕುಡೀದಿದ್ರ ತಡಾ ಮಾಡಬ್ಯಾಡ್ರಿ, ಡಾಕ್ಟರ್ ಕಡೆ ಹೋಗ್ರಿ. ತೂಕಾನೂ ಬರದಿಟ್ಟಿದ್ಯಾ, ಹುಟ್ಟಿದಾಗ 2.6 ಕೆಜಿ, ಐದನೇ ದಿನ 2.4ಕ್ಕ ಇಳೀತು (ಮೊದಲ ದಿನದಾಗ ಸ್ವಲ್ಪ ಇಳೀತೈತಿ), ಹನ್ನೆರಡನೇ ದಿನಕ್ಕ ಮತ್ತ 2.6.

ಅಕ್ಟೋಬರ್‌ನ್ಯಾಗ ಆರು ತಿಂಗಳು ತುಂಬಿದ ದಿನ ಆಯಿನೇ ಸಣ್ಣ ಸ್ಟೀಲ್ ಗ್ಲಾಸಿಲೆ ನೀರು ಕುಡಿಸಿದ್ಳು, ಅರ್ಧ ಅಂಗಿ ಮ್ಯಾಲೇ ಹೋತು. ಊಟಕ್ಕ ಹುರದ ಅಕ್ಕಿ-ಹೆಸರಬ್ಯಾಳಿ ಪುಡಿಯ ಗಂಜಿ, ಮ್ಯಾಲೆ ಹನಿ ತುಪ್ಪ, ಮೊದಲಿಗೆ ಎರಡ್ಮೂರು ಚಮಚಾ. ಒಂದ್ ತಪ್ಪು ಮಾಡಿದ್ಯಾ, ನೆತ್ತಿಗೆ ಹತ್ತೀತು ಅಂತ ಅಂಜಿ ಭಾಳ ತೆಳ್ಳಗ ಮಾಡ್ತಿದ್ಯಾ, ಹೊಟ್ಟಿ ತುಂಬತಿತ್ತು ಖರೆ, ತೂಕ ಮಾತ್ರ ಏರ್ಲಿಲ್ಲ. ಚಮಚಾ ಹೊಳ್ಳಿಸಿದ್ರ ಜಾರಿ ಬೀಳಬಾರ್ದು, ಅಷ್ಟು ಗಟ್ಟಿ ಇರಬೇಕು. ಬರೀ ಬ್ಯಾಳಿ ಕಟ್ಟು ಕುಡಿಸಿದ್ರೂ ಏನೂ ಸಿಗೂದಿಲ್ಲ, ಬ್ಯಾಳಿನೇ ಕಿವುಚಿ ಹಾಕ್ರಿ. ಈಗ ಹತ್ತು ತಿಂಗಳು, ಬಿಸಿ ಜ್ವಾಳದ ರೊಟ್ಟಿ ಬ್ಯಾಳ್ಯಾಗ ನೆನಸಿ ಕಿವುಚಿ ಕೊಡ್ತೀನಿ, ಎದಿ ಹಾಲು ಇನ್ನೂ ನಡದೇತಿ.