ಹಾಟ್ ಸ್ಪ್ರಿಂಗ್ಸ್‌ಗೆ ಮೂರು ಮೈಲಿ ಇದ್ದಾಗ ನಿಂತೆ

ಬೆಳಿಗ್ಗೆ ಹೊರಟು ಮುಕ್ಕಾಲು ಗಂಟೆಯಾಗಿರಬೇಕು, ಎಡಗಾಲಿನ ಹಿಮ್ಮಡಿ ಬಿಸಿಯಾಗತೊಡಗಿತು. ಅದನ್ನು ನೋವು ಅನ್ನಲಾಗದು. ಹಿಮ್ಮಡಿಯ ಹೊರಬದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗ, ಬಿಸಿ ಲೋಟ ತಾಗಿಸಿ ಹಿಡಿದ ಹಾಗೆ. ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಶೂ ಬಿಚ್ಚಿ ಟೇಪು ಅಂಟಿಸಿದ್ದರೆ ಐದು ನಿಮಿಷದ ಕೆಲಸ. ಗೊತ್ತಿದ್ದೂ ಮಾಡಲಿಲ್ಲ. ಅವತ್ತು ಊರು ಸೇರುವ ದಿನ.

ನಾನು ನಡೆಯುತ್ತಿದ್ದ ಅಪಲಾಚಿಯನ್ ಟ್ರೇಲ್ ಎಂಬ ಕಾಲುಹಾದಿ ಅಮೆರಿಕದ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಲ್ಲಿ ಶುರುವಾಗಿ ಮೇನ್ ರಾಜ್ಯದ ಕಟಾಡಿನ್ ಶಿಖರದಲ್ಲಿ ಮುಗಿಯುತ್ತದೆ. 14 ರಾಜ್ಯ, ಸುಮಾರು 3,500 ಕಿಲೋಮೀಟರ್. ದಕ್ಷಿಣದಿಂದ ನಡೆದು ಬರುವವರಿಗೆ, ದಾರಿಯೇ ಊರಿನ ಮುಖ್ಯ ಬೀದಿಯಾಗಿಬಿಡುವ ಮೊದಲ ಊರು ನಾರ್ತ್ ಕ್ಯಾರೊಲಿನಾದ ಹಾಟ್ ಸ್ಪ್ರಿಂಗ್ಸ್. ಹಿಂದಿನ ರಾತ್ರಿ ನಾನು ಮಲಗಿದ್ದು ಮ್ಯಾಕ್ಸ್ ಪ್ಯಾಚ್ ಬೋಳುಗುಡ್ಡ ದಾಟಿದ ಮೇಲೆ ಸಿಗುವ ರೋರಿಂಗ್ ಫೋರ್ಕ್ ಶೆಲ್ಟರ್‌ನಲ್ಲಿ, ಅಂದರೆ ನಡೆಯುವವರು ತಂಗಲು ಕಟ್ಟಿದ ಗುಡಿಸಲಿನಲ್ಲಿ. ಅಲ್ಲಿಂದ ಊರಿಗೆ 18 ಮೈಲಿ, ಅಂದರೆ 29 ಕಿಲೋಮೀಟರ್. ಸ್ನಾನ ಬೇಕಿತ್ತು, ಬಟ್ಟೆ ಒಗೆಯಬೇಕಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿನ ಪೋಸ್ಟಾಫೀಸಿನಲ್ಲಿ ನನ್ನ ಹೆಸರಿಗೆ ಒಂದು ಪೆಟ್ಟಿಗೆ ಕಾಯುತ್ತಿತ್ತು: ಒಂದು ಸೈಜು ದೊಡ್ಡ ಶೂ. ಅವತ್ತು ಶುಕ್ರವಾರ. ಶನಿವಾರ ಪೋಸ್ಟಾಫೀಸು ತೆರೆಯುವುದು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ತಪ್ಪಿದರೆ ಸೋಮವಾರದವರೆಗೆ ಕಾಯಬೇಕು.

ದೊಡ್ಡ ಶೂ ಯಾಕೆ ಬೇಕಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ದಿನಾ ಹತ್ತು ಗಂಟೆ ಭಾರ ಹೊತ್ತು ನಡೆದರೆ ಪಾದ ಊದುತ್ತದೆ, ವಾರಗಳು ಕಳೆದಂತೆ ಅಗಲವೂ ಆಗುತ್ತದೆ. ಹೊರಡುವಾಗ ಸರಿಯಾಗಿದ್ದ ನನ್ನ ಶೂ ಒಂದು ತಿಂಗಳಿಗೇ ಬಿಗಿಯಾಗಿತ್ತು. ಈಗ ಯಾರು ಕೇಳಿದರೂ ಹೇಳುವುದು ಒಂದೇ: ಶೂ ಅಂಗಡಿಗೆ ಸಂಜೆ ಹೋಗಿ, ಕಾಲು ಊದಿದ ಹೊತ್ತಿನಲ್ಲಿ. ನಡೆಯುವಾಗ ಹಾಕಿಕೊಳ್ಳುವ ಸಾಕ್ಸನ್ನೇ ಹಾಕಿಕೊಂಡು ನೋಡಿ, ಬೆರಳ ತುದಿಯಾಚೆ ಹೆಬ್ಬೆರಳಿನಷ್ಟು ಜಾಗ ಇದೆಯಾ ಎಂದು ಒತ್ತಿ ನೋಡಿ.

ಆ ದಿನದ ದಾರಿ ಹೀಗೆ. ಲೆಮನ್ ಗ್ಯಾಪ್ (ಗ್ಯಾಪ್ ಅಂದರೆ ಬೆಟ್ಟಗಳ ನಡುವಿನ ತಗ್ಗು), ವಾಲ್‌ನಟ್ ಮೌಂಟನ್, ಆಮೇಲೆ 4,686 ಅಡಿಯ ಬ್ಲಫ್ ಮೌಂಟನ್. ಅಲ್ಲಿಂದ ಸುಮಾರು ಹತ್ತು ಮೈಲಿಯಲ್ಲಿ 1,300 ಅಡಿಗೆ ಇಳಿಯಬೇಕು. ರಾತ್ರಿ ಮಳೆ ಬಂದಿತ್ತು. ದಾರಿಗೆ ಬಾಗಿದ ಪೊದೆಗಳ ಎಲೆಗಳು ಮಂಡಿಯವರೆಗೆ ನೀರು ಸುರಿಸುತ್ತಿದ್ದವು. ಒಂಬತ್ತು ಗಂಟೆಗೆಲ್ಲ ಸಾಕ್ಸು ತೊಪ್ಪೆ.

ಒದ್ದೆಯಾದರೆ ಗುಳ್ಳೆ ಬೇಗ ಏಳುತ್ತದೆ, ಅದಕ್ಕೆ ಕಾರಣವಿದೆ. ಗುಳ್ಳೆ ಏಳುವುದು ಮೇಲೆ ಮೇಲೆ ಉಜ್ಜುವುದರಿಂದ ಎಂದುಕೊಂಡಿದ್ದೆ. ಹಾಗಲ್ಲ. ಚರ್ಮ ಸಾಕ್ಸಿಗೆ ಅಂಟಿಕೊಂಡು ನಿಂತಲ್ಲೇ ನಿಲ್ಲುತ್ತದೆ, ಒಳಗಿನ ಮೂಳೆ ಮಾತ್ರ ಪ್ರತಿ ಹೆಜ್ಜೆಗೂ ಹಿಂದೆ ಮುಂದೆ ಆಡುತ್ತದೆ. ನಡುವಿನ ಪದರಗಳು ಅತ್ತಿತ್ತ ಜಗ್ಗಿ ಜಗ್ಗಿ ಹರಿಯುತ್ತವೆ, ಆ ಸಂದಿಯಲ್ಲಿ ನೀರು ತುಂಬುತ್ತದೆ. ಒದ್ದೆ ಚರ್ಮ ಮೆತ್ತಗಾಗಿ ಸಾಕ್ಸನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಬ್ಲಫ್ ಮೌಂಟನ್ ಹತ್ತುವಷ್ಟರಲ್ಲಿ ಬಿಸಿ ಹೋಗಿ ಚುಚ್ಚು ಶುರುವಾಗಿತ್ತು. ಇಳಿಯುವಾಗ ಬೆರಳುಗಳೂ ಸೇರಿಕೊಂಡವು. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಶೂವಿನ ಮೂತಿಗೆ ಗುದ್ದುತ್ತಿತ್ತು. ಹಿಮ್ಮಡಿ ಉಳಿಸಿಕೊಳ್ಳಲು ಎಡಪಾದದ ಮುಂಭಾಗವನ್ನಷ್ಟೇ ಊರಿ ನಡೆದೆ. ಅರ್ಧ ಗಂಟೆಯಲ್ಲಿ ಬಲ ಮಂಡಿಯ ಹೊರಮಗ್ಗುಲು ಎಳೆಯತೊಡಗಿತು. ಆಗ ನಿಜವಾಗಿ ಹೆದರಿದೆ. ಗುಳ್ಳೆ ವಾರದಲ್ಲಿ ಮಾಯುತ್ತದೆ, ಕುಂಟಿ ಕುಂಟಿ ಕೆಡಿಸಿಕೊಂಡ ಮಂಡಿ ಮಾಯುವುದಿಲ್ಲ, ಮನೆಗೆ ಕಳಿಸುತ್ತದೆ.

ಮರಗಳ ಮೇಲೆ ದಾರಿ ತೋರಿಸುವ ಬಿಳಿ ಪಟ್ಟಿಗಳಿರುತ್ತವೆ, ಎರಡು ಅಂಗುಲ ಅಗಲ, ಆರು ಅಂಗುಲ ಉದ್ದ. ಒಂದು ಪಟ್ಟಿ ಕಂಡರೆ ಅದರವರೆಗೆ ಹೋಗುವುದು, ಆಮೇಲೆ ಮುಂದಿನದು. ಹಾಗೆ ಎಣಿಸಿಕೊಂಡೇ ಗ್ಯಾರೆನ್‌ಫ್ಲೋ ಗ್ಯಾಪ್ ತಲುಪಿದೆ. ಅಲ್ಲಿ ಒಬ್ಬ ಹಿರಿಯ ಹೆಂಗಸು ಬ್ಯಾಗಿಗೆ ಒರಗಿ ಕೂತಿದ್ದರು. ನನ್ನನ್ನು ಎರಡು ಕ್ಷಣ ನೋಡಿ, "ಎಷ್ಟು ಹೊತ್ತಿನಿಂದ ಕುಂಟುತ್ತಿದ್ದೀರಿ?" ಎಂದು ಕೇಳಿದರು. ಈಗಷ್ಟೇ ಎಂದೆ. "ಕೂತುಕೊಳ್ಳಿ" ಎಂದರು, ಅಷ್ಟೆ. ಆ ಒಂದು ಮಾತು ಬೆಳಿಗ್ಗೆಯಿಂದ ನನಗೆ ನಾನೇ ಹೇಳಿಕೊಳ್ಳಬೇಕಿತ್ತು.

ಶೂ ಬಿಚ್ಚಿದೆ. ಅಂಗಾಲು ಬೆಳ್ಳಗೆ ಸುಕ್ಕುಗಟ್ಟಿತ್ತು. ಹಿಮ್ಮಡಿಯ ಮೇಲೆ ಎರಡು ಬೆರಳಗಲದ ಗುಳ್ಳೆ, ಒಳಗೆ ತಿಳಿನೀರು, ಒತ್ತಿದರೆ ಅತ್ತಿಂದಿತ್ತ ಓಡಾಡುತ್ತಿತ್ತು. ಚಿಕ್ಕದಾಗಿದ್ದರೆ ಮುಟ್ಟುತ್ತಿರಲಿಲ್ಲ. ರಕ್ತ ತುಂಬಿದ್ದರೂ ಚುಚ್ಚುತ್ತಿರಲಿಲ್ಲ, ಸೋಂಕಿನ ಭಯಕ್ಕೆ. ಇದು ಮುಂದಿನ ಮೈಲಿಯಲ್ಲಿ ತಾನಾಗಿಯೇ ಒಡೆದು ಚರ್ಮ ಕಿತ್ತುಹೋಗುವಂಥದ್ದು. ಸ್ಪಿರಿಟ್ ಹತ್ತಿಯಿಂದ ಸೂಜಿಯನ್ನೂ ಚರ್ಮವನ್ನೂ ಒರೆಸಿ, ಗುಳ್ಳೆಯ ಕೆಳ ಅಂಚಿನಲ್ಲಿ ಎರಡು ಕಡೆ ಸಣ್ಣದಾಗಿ ಚುಚ್ಚಿ, ಬೆರಳಿನಿಂದ ಮೆಲ್ಲಗೆ ಒತ್ತಿ ನೀರು ತೆಗೆದೆ. ಮೇಲಿನ ಚರ್ಮ ಕೀಳಲಿಲ್ಲ. ಒಳಗಿನ ಹಸಿಮಾಂಸಕ್ಕೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ.

ಮುಂದಿನದೇ ಮುಖ್ಯ: ಕಾಯುವುದು. ಒದ್ದೆ ಕಾಲಿಗೆ ಯಾವ ಟೇಪೂ ನಿಲ್ಲುವುದಿಲ್ಲ. ಇಪ್ಪತ್ತು ನಿಮಿಷ ಪಾದವನ್ನು ಬಿಸಿಲಿಗೆ ಚಾಚಿ ಕೂತೆ, ಸುಕ್ಕು ಬಿಡುವವರೆಗೆ. ಗುಳ್ಳೆಯ ಮೇಲೆ ಅಂಟಿಲ್ಲದ ಸಣ್ಣ ಗಾಜ್ ಬಟ್ಟೆ, ಅದರ ಮೇಲೆ ಲ್ಯೂಕೋಟೇಪ್ ಎಂಬ ಗಟ್ಟಿ ಅಂಟಿನ ಟೇಪು. ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು. ಚೂಪು ಮೂಲೆಯಿದ್ದರೆ ಸಾಕ್ಸು ಅದನ್ನೇ ಹಿಡಿದು ಸುರುಳಿ ಸುತ್ತುತ್ತದೆ, ಸುತ್ತಿದ ಜಾಗದಲ್ಲಿ ಇನ್ನೊಂದು ಗುಳ್ಳೆ. ಅಂಟಿಸಿದ ಮೇಲೆ ಅಂಗೈ ಒತ್ತಿ ಹಿಡಿದು ಬೆಚ್ಚಗೆ ಮಾಡಿದೆ. ಬ್ಯಾಗಿನ ತಳದಲ್ಲಿ ಮಲಗಲೆಂದು ಇಟ್ಟುಕೊಂಡಿದ್ದ ಒಣ ಸಾಕ್ಸು ಹೊರಗೆ ಬಂತು.

ಲೇಸನ್ನೂ ಬದಲಿಸಿದೆ. ಬೆರಳುಗಳ ಕಡೆ ಸಡಿಲ, ಪಾದ ಮಡಿಯುವ ಜಾಗದಲ್ಲಿ ಎರಡು ಸುತ್ತಿನ ಗಂಟು, ಆಮೇಲೆ ಎಲ್ಲಕ್ಕಿಂತ ಮೇಲಿನ ತೂತಿನಲ್ಲಿ ಕುಣಿಕೆ ಮಾಡಿ ಹಿಮ್ಮಡಿಯನ್ನು ಹಿಂದಕ್ಕೆ ಬಿಗಿದೆ. ಹೀಗೆ ಕಟ್ಟಿದರೆ ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರುವುದು ಕಡಿಮೆ. ಕೈಯ ಕೋಲುಗಳನ್ನು ನಾಲ್ಕು ಬೆರಳಷ್ಟು ಉದ್ದ ಮಾಡಿಕೊಂಡೆ. ನೋವಿನ ಮಾತ್ರೆ ಜೇಬಿನಲ್ಲೇ ಇತ್ತು, ನುಂಗಲಿಲ್ಲ. ಕಾಲು ತಪ್ಪು ಊರುತ್ತಿದ್ದೇನೆ ಎಂದು ಹೇಳುತ್ತಿದ್ದುದು ಆ ನೋವೊಂದೇ.

ಆಮೇಲೆ ಚಿಕ್ಕ ಚಿಕ್ಕ ಹೆಜ್ಜೆ, ಮಂಡಿ ಸ್ವಲ್ಪ ಬಾಗಿಸಿ. ಕುಂಟು ಬಂದ ತಕ್ಷಣ ನಿಲ್ಲುವುದು ಎಂದು ನಿಯಮ ಮಾಡಿಕೊಂಡೆ. ಏಪ್ರಿಲ್ ತಿಂಗಳು. ಮೇಲೆ ಮರಗಳೆಲ್ಲ ಇನ್ನೂ ಬೋಳು, ಕೆಳಗಿಳಿದಂತೆ ಚಿಗುರು ಹೆಚ್ಚುತ್ತಿತ್ತು. ದಾರಿಯಂಚಿನಲ್ಲಿ ಮೂರೆಸಳಿನ ಬಿಳಿ ಟ್ರಿಲಿಯಮ್ ಹೂಗಳು. ಬೆಳಿಗ್ಗೆಯಿಂದ ಒಂದು ಹೂವನ್ನೂ ನೋಡಿರಲಿಲ್ಲ ಎಂದು ಆಗ ತಿಳಿಯಿತು.

ಸಂಜೆ ಐದೂವರೆಗೆ ಡೀರ್ ಪಾರ್ಕ್ ಮೌಂಟನ್ ಶೆಲ್ಟರ್. ಊರಿಗೆ ಇನ್ನು 3.2 ಮೈಲಿ. ನನ್ನನ್ನು ದಾಟಿ ಹೋದವರೆಲ್ಲ ಹಾಸಿಗೆಯ, ಬಿಸಿನೀರಿನ ಮಾತಾಡುತ್ತಾ ಇಳಿದರು. ಬೆಳಕಿತ್ತು, ನಾನೂ ಇಳಿಯಬಹುದಿತ್ತು. ಆದರೆ ಬಲ ಮಂಡಿ ಮತ್ತೆ ಎಳೆಯುತ್ತಿತ್ತು, ಉಳಿದದ್ದು ಬರೀ ಇಳಿಜಾರು. ದಣಿದ ಕಾಲು ಎಡವುವುದು ಇಂಥ ಕೊನೆಯ ಮೈಲಿಗಳಲ್ಲೇ. ಪೋಸ್ಟಾಫೀಸು ತೆರೆಯುವುದಂತೂ ಬೆಳಿಗ್ಗೆ. ಬ್ಯಾಗು ಇಳಿಸಿದೆ. ಆ ದಿನ ನಾನು ಮಾಡಿದ ಒಂದೇ ಜಾಣ ಕೆಲಸ ಅದು ಎಂದು ಈಗಲೂ ನಂಬಿದ್ದೇನೆ. ಉಳಿದಿದ್ದ ಒಂದು ಪ್ಯಾಕೆಟ್ ನೂಡಲ್ಸ್ ಬೇಯಿಸಿ ತಿಂದು, ಬ್ಯಾಗಿನ ಮೇಲೆ ಕಾಲೆತ್ತಿಟ್ಟು ಬರಿಗಾಲಲ್ಲಿ ಮಲಗಿದೆ.

ಬೆಳಗಾಗುವಷ್ಟರಲ್ಲಿ ಊತ ಇಳಿದಿತ್ತು. ಗುಳ್ಳೆಯ ಸುತ್ತ ಕೆಂಪು ಹರಡಿದೆಯಾ, ಕೀವು ಕಟ್ಟಿದೆಯಾ ಎಂದು ನೋಡಿದೆ. ಹಾಗಿದ್ದಿದ್ದರೆ ಊರಲ್ಲಿ ಮೊದಲ ಕೆಲಸ ಡಾಕ್ಟರರ ಹತ್ತಿರ ಹೋಗುವುದು. ಇರಲಿಲ್ಲ. ಹೊರಟ ಎರಡು ಗಂಟೆಯೊಳಗೆ ಕಾಲುಹಾದಿ ಮುಗಿದು ಬೀದಿ ಬಂತು. ಅಲ್ಲಿ ಟ್ರೇಲಿನ ಗುರುತನ್ನು ಫುಟ್‌ಪಾತಿಗೇ ಕೂಡಿಸಿದ್ದಾರೆ, ಅದನ್ನು ನೋಡಿಕೊಂಡೇ ಪೋಸ್ಟಾಫೀಸಿಗೆ ಹೋದೆ. (ನಾನು ನಡೆದ ಮೇಲೆ, 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತದ ನೆರೆ ಈ ಊರಿಗೆ ನುಗ್ಗಿತು. ಆ ಚಿತ್ರಗಳನ್ನು ನೋಡಿದಾಗ ನನ್ನದೇ ಬೀದಿ ಮುಳುಗಿದಂತೆ ಸಂಕಟವಾಯಿತು.)

ಎರಡು ದಿನ ಒಂದು ಹೆಜ್ಜೆಯನ್ನೂ ದಾರಿಗಿಡಲಿಲ್ಲ. ಮೂರನೆಯ ಬೆಳಿಗ್ಗೆ ಹೊಸ ಶೂ ಹಾಕಿ ಫ್ರೆಂಚ್ ಬ್ರಾಡ್ ನದಿಯ ಸೇತುವೆ ದಾಟಿದೆ. ಮುಂದೆ ಲವರ್ಸ್ ಲೀಪ್ ಬಂಡೆಯ ಕಡಿದಾದ ಏರು. ಏರು ಶುರುವಾಗುವ ಮೊದಲೇ, ನದಿ ಇನ್ನೂ ಪಕ್ಕದಲ್ಲಿರುವಾಗಲೇ, ಬಲ ಹಿಮ್ಮಡಿ ಕೊಂಚ ಬೆಚ್ಚಗಾದಂತಾಯಿತು. ಅಲ್ಲೇ ಕೂತೆ, ಲೇಸು ಬಿಚ್ಚಿದೆ.